ಊಟದ ಟಿಕೆಟ್ಟಿನ ಮೇಲೆ ನಿಂತ ಮಸಾಲೆ ತೋಟ

ಹುಬ್ಬಳ್ಳಿ ಕಡೆಯಿಂದ ಅನಮೋಡ ಘಾಟಿ ಇಳಿದು ಗೋವಾಕ್ಕೆ ಬರುವವರು ಮೊಲೆಂ, ತಿಸ್ಕ್, ಉಸಗಾಂವ್‌ಗಳನ್ನು ದಾಟಿ ಫೋಂಡಾ ಸಮೀಪಿಸುವಾಗ, ರಸ್ತೆಯ ಬದಿಯಲ್ಲಿ ‘ಸ್ಪೈಸ್ ಪ್ಲಾಂಟೇಶನ್’ ಎಂದು ಬರೆದ ದೊಡ್ಡ ಫಲಕಗಳನ್ನು ಕಂಡೇ ಇರುತ್ತಾರೆ. ಫಲಕದಲ್ಲಿ ಒಂದು ಜಾಯಿಕಾಯಿ, ಒಂದು ಬಾಣ, ‘ಊಟ ಸೇರಿ’ ಎಂಬ ಒಕ್ಕಣೆ ಇರುತ್ತವೆ. ಆ ದಾರಿಯ ಅಂಥದೊಂದು ತೋಟಕ್ಕೆ ನಾನು ಮೂರು ಸಲ ಹೋಗಿದ್ದೇನೆ: 2012ರ ಫೆಬ್ರವರಿಯಲ್ಲಿ ಒಮ್ಮೆ, 2019ರ ಡಿಸೆಂಬರಿನಲ್ಲಿ ಒಮ್ಮೆ, ಈ ಸಲದ ಜನವರಿಯಲ್ಲಿ ಮತ್ತೊಮ್ಮೆ. ತೋಟದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಲ್ಲಿನ ವ್ಯವಸ್ಥಾಪಕರು ಊಟದ ನಂತರ ಎದುರಿಗೆ ಕುಳಿತು ತಮ್ಮ ಆದಾಯ, ಸಾಲಗಳ ವಿಷಯವನ್ನು ಮನೆಯವರೊಡನೆ ಆಡುವಂತೆ ಬಿಚ್ಚಿಟ್ಟಿದ್ದರಿಂದ, ಅವರ ಅಂಗಡಿಯನ್ನು ಬೀದಿಗೆ ಎಳೆಯುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಕುರ್ಟಿ, ಕೇರಿ, ಸಾವಯ್-ವೆರೆಂ ಸುತ್ತಲಿನ ಬೇರೆ ಯಾವ ತೋಟಕ್ಕೆ ಹೋಗುವವರಿಗೂ ಇಲ್ಲಿ ಬರೆದದ್ದರಲ್ಲಿ ಬಹುಪಾಲು ಉಪಯೋಗಕ್ಕೆ ಬಂದೀತು.

ಮೊದಲೇ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾನು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ನಡುವೆ ಬಾಳೆ, ಏಲಕ್ಕಿ ಇಟ್ಟು, ಅಂಚಿನಲ್ಲಿ ಜಾಯಿಕಾಯಿ, ಮುರುಗಲು (ಕೋಕಂ) ಮರಗಳನ್ನು ಬೆಳೆಸುವುದು ನಮ್ಮಲ್ಲಿ ನೋಡತಕ್ಕ ಸಂಗತಿಯೇ ಅಲ್ಲ, ಮನೆಯ ಹಿಂಬಾಗಿಲು ತೆರೆದರೆ ಕಾಣುವ ವಿಷಯ. ಗೋವಾದವರು ಇಂಥ ತೋಟಕ್ಕೆ ಕುಳಾಗರ ಎನ್ನುತ್ತಾರೆ. ಗುಡ್ಡದ ಬುಡದ ನೀರನ್ನು ಕಾಲುವೆಯಲ್ಲಿ ಇಳಿಸಿ, ಅಡಿಕೆಯ ನೆರಳಿನಲ್ಲಿ ಹತ್ತು ಬೆಳೆ ತೆಗೆಯುವ ಕ್ರಮ ಎರಡೂ ಕಡೆ ಒಂದೇ. ಆದ್ದರಿಂದ ಟಿಕೆಟ್ ಕೊಂಡು ತೋಟ ನೋಡುವುದೆಂದರೆ ನಮ್ಮವರಿಗೆ ನಗು ಬರುತ್ತದೆ. ಈ ಸಲ ಜೊತೆಗಿದ್ದ ನನ್ನ ಆಯಿ, ಕೌಂಟರಿನಲ್ಲಿ ನಾನು ಐದುನೂರರ ನೋಟುಗಳನ್ನು ಎಣಿಸುವುದನ್ನು ನೋಡಿ, “ದುಡ್ಡು ಕೊಟ್ಟು ತ್ವಾಟ ನೋಡಕಾತಲ ತಮಾ” ಎಂದು ಅಲ್ಲಿದ್ದ ಹುಡುಗಿಗೆ ಕೇಳುವಂತೆಯೇ ಹೇಳಿದಳು. ಹುಡುಗಿ ಜೋಯಿಡಾ ಕಡೆಯವಳು. ಅವಳಿಗೆ ಅರ್ಥವಾಗಿ ನಕ್ಕಳು. ಹೀಗಿದ್ದೂ ಮೂರು ಸಲ ಹೋದದ್ದಕ್ಕೆ ಕಾರಣ ಸರಳವಾದದ್ದು. ವಾಸ್ಕೋದಲ್ಲಿ ಮನೆ ಮಾಡಿರುವ ಕನ್ನಡಿಗನಿಗೆ ಡಿಸೆಂಬರ್ ಮತ್ತು ಮೇ ನೆಂಟರ ತಿಂಗಳುಗಳು. ಬಂದವರಿಗೆ ಸಮುದ್ರ, ಹಳೆ ಗೋವಾದ ಇಗರ್ಜಿ, ಮಂಗೇಶಿ, ಶಾಂತಾದುರ್ಗಾ ಎಲ್ಲ ತೋರಿಸಿ ಮುಗಿದ ಮೇಲೆ ಮಧ್ಯಾಹ್ನದ ಊಟದ ಪ್ರಶ್ನೆ ಏಳುತ್ತದೆ. ದೇವಸ್ಥಾನಗಳಿಗೆ ಹತ್ತಿರ, ಮಕ್ಕಳಿಗೆ ಓಡಾಡಲು ಜಾಗ, ಬಾಳೆಲೆಯ ಊಟ, ಇವು ಮೂರೂ ಒಂದೇ ಕಡೆ ಸಿಗುವುದು ಇಂಥ ತೋಟದಲ್ಲಿ ಮಾತ್ರ.

ತೋಟದ ಮೊದಲ ಕಷ್ಟ ಗೇಟಿನ ಎದುರಿಗೇ ಕಾಣುತ್ತದೆ. ರಸ್ತೆ ಅಗಲವಾದಾಗ ನಡುವೆ ಡಿವೈಡರ್ ಬಂದಿದೆ. ಪಣಜಿ ಕಡೆಯಿಂದ ಬರುವ ವಾಹನ ತೋಟವನ್ನು ಬಲಗಡೆ ನೋಡುತ್ತಲೇ ಮುಂದೆ ಸಾಗಿ, ಸಾಕಷ್ಟು ದೂರ ಹೋಗಿ ತಿರುಗಿಸಿಕೊಂಡು ಬರಬೇಕು. ಗೊತ್ತಿದ್ದವರು ಬರುತ್ತಾರೆ, ಫಲಕ ನೋಡಿ ಆ ಕ್ಷಣಕ್ಕೆ ಮನಸ್ಸು ಮಾಡಿದವರು ತಿರುಗುವ ಜಾಗ ಸಿಗುವುದರೊಳಗೆ ಮನಸ್ಸು ಬದಲಿಸುತ್ತಾರೆ. ದಾರಿಯಲ್ಲಿ ಹೋಗುವವರನ್ನು ನಂಬಿದ ವ್ಯಾಪಾರಕ್ಕೆ ಒಂದೂವರೆ ಅಡಿ ಎತ್ತರದ ಆ ಸಿಮೆಂಟ್ ಗೋಡೆ ಎಷ್ಟು ದೊಡ್ಡ ಪೆಟ್ಟು ಎಂಬುದು ನನಗೆ ಹೊಳೆದದ್ದು, ನಾನೇ ಎರಡು ಸಲ ತಪ್ಪಿ ಮುಂದೆ ಹೋಗಿ ಭಾವನಿಂದ ಬೈಸಿಕೊಂಡ ಮೇಲೆ.

ಕೌಂಟರಿನ ರಿಜಿಸ್ಟರಿನಲ್ಲಿ ಹೆಸರು, ಊರು, ಜನರ ಸಂಖ್ಯೆ ಬರೆಸಿದ ನಂತರ ಇನ್ನೊಂದು ಕಾಲಂ ಇತ್ತು. ‘ಯಾರು ಕರೆತಂದರು?’ ನಾವೇ ಬಂದೆವು ಎಂದಾಗ ಹುಡುಗಿ ಅಲ್ಲೊಂದು ಗೆರೆ ಎಳೆದಳು. ಆ ಪುಟದಲ್ಲಿ ನಮ್ಮ ಗೆರೆಯ ಹೊರತು ಇನ್ನೊಂದೇ ಗೆರೆ ಕಂಡಿತು. ಉಳಿದ ಎಲ್ಲ ಸಾಲುಗಳಲ್ಲಿ ಟ್ಯಾಕ್ಸಿಯ ನಂಬರು ಅಥವಾ ಚಾಲಕನ ಹೆಸರು. ಪಕ್ಕದಲ್ಲೇ ಚಾಲಕರಿಗೆಂದು ಪ್ರತ್ಯೇಕ ಕೋಣೆ, ಫ್ಯಾನು, ಟಿವಿ, ಉಚಿತ ಊಟ. ಪ್ರವಾಸಿಗರ ಬೆಂಚಿಗಿಂತ ಆ ಕೋಣೆಯ ಕುರ್ಚಿಗಳೇ ಚೆನ್ನಾಗಿದ್ದವು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ; ತೋಟದ ಲೆಕ್ಕ ಅರ್ಥವಾಗಬೇಕಾದರೆ ಆ ಕೋಣೆಯನ್ನು ಗಮನಿಸಲೇಬೇಕು.

ಚೆಂಡುಹೂವಿನ ಎಸಳು, ಕುಂಕುಮ, ಮಣ್ಣಿನ ಲೋಟದಲ್ಲಿ ಮಜ್ಜಿಗೆ ಹುಲ್ಲಿನ ಕಷಾಯ, ಹೀಗೆ ಸ್ವಾಗತ ನಡೆಯುತ್ತದೆ. ಕಷಾಯಕ್ಕೆ ಬೆಲ್ಲ ಹಾಕಿದ್ದರು, ಶುಂಠಿ ಹದವಾಗಿತ್ತು. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ನಮ್ಮನ್ನು ಸುತ್ತಾಡಿಸಿದವಳೂ ಕೌಂಟರಿನಲ್ಲಿದ್ದ ಅದೇ ಹುಡುಗಿ. ಹಿಂದೆ ಟಿಕೆಟ್ ಕೊಡುವವರು ಬೇರೆ, ತೋಟ ತೋರಿಸುವವರು ಬೇರೆ ಇದ್ದರು. ಆಕೆ ಕನ್ನಡ, ಕೊಂಕಣಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ವಿವರಿಸಬಲ್ಲಳು. ಸಾಲದ್ದಕ್ಕೆ ಕಾಳುಮೆಣಸಿಗೆ ರಷ್ಯನ್ ಭಾಷೆಯಲ್ಲಿ ‘ಚೋರ್ನಿ ಪೆರೆತ್ಸ್’ ಎನ್ನುತ್ತಾರೆ ಎಂದು ನಮಗೂ ಕಲಿಸಿದಳು. ರಷ್ಯನ್ನರ ಗುಂಪು ಬಂದು ಎಷ್ಟು ದಿನವಾಯಿತು ಎಂದು ಕೇಳಿದ್ದಕ್ಕೆ, ಪದ ಮರೆಯದಿರಲಿ ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ ಸರ್ ಎಂದಳು.

ಈ ಮುಕ್ಕಾಲು ಗಂಟೆಯೇ ತೋಟದ ನಿಜವಾದ ಬೆಲೆ. ಹಸಿರು ಕಾಳು, ಕರಿ ಕಾಳು, ಬೋಳುಕಾಳು ಮೂರೂ ಒಂದೇ ಬಳ್ಳಿಯವು, ಕೊಯ್ಯುವ ಹೊತ್ತು ಮತ್ತು ಸಿಪ್ಪೆ ತೆಗೆಯುವ ಕ್ರಮದಲ್ಲಷ್ಟೇ ವ್ಯತ್ಯಾಸ ಎಂಬುದನ್ನು ಆಕೆ ಬಾಯಲ್ಲಿ ಹೇಳಿ ಬಿಡಲಿಲ್ಲ. ಒಂದು ತೆನೆ ಕಿತ್ತು, ಅದರಲ್ಲೇ ಹಸಿರಾದ ಕಾಳನ್ನೂ ಕೆಂಪಾದ ಕಾಳನ್ನೂ ಬಿಡಿಸಿ, ಕೆಂಪು ಕಾಳಿನ ಸಿಪ್ಪೆಯನ್ನು ಉಗುರಿನಿಂದ ಸುಲಿದು ಒಳಗಿನ ಬಿಳಿಯನ್ನು ನನ್ನ ಅಕ್ಕನ ಮಗನ ಅಂಗೈಯಲ್ಲಿಟ್ಟಳು. ಹುಬ್ಬಳ್ಳಿಯಲ್ಲಿ ಬೆಳೆದ ಆ ಹುಡುಗ ಕಾಳುಮೆಣಸು ಡಬ್ಬಿಯಲ್ಲೇ ಹುಟ್ಟುತ್ತದೆ ಎಂದು ತಿಳಿದವನು. ಅದನ್ನು ಕಡಿದು ಕಣ್ಣಲ್ಲಿ ನೀರು ತಂದುಕೊಂಡ. ಜಾಯಿಕಾಯಿ ಮರದ ಬಳಿ ಒಡೆದು ಬಿದ್ದ ಹಣ್ಣೊಂದನ್ನು ತೆಗೆದು, ಬೀಜವನ್ನು ಬಲೆಯಂತೆ ಅಪ್ಪಿಕೊಂಡಿರುವ ಕೆಂಪು ಜಾಪತ್ರೆಯನ್ನು ಹರಿಯದಂತೆ ಬಿಡಿಸಿ ತೋರಿಸಿದಳು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ ಇರುವುದರಿಂದ ಸಸಿ ನೆಟ್ಟು ಆರೇಳು ವರ್ಷ ಕಾದ ಮೇಲೆ ಅದು ಗಂಡೆಂದು ತಿಳಿಯುವ ಸಂಕಟವನ್ನೂ ಹೇಳಿದಳು. ಆಯಿ ಅಲ್ಲಿಗೆ ನಗುವುದನ್ನು ನಿಲ್ಲಿಸಿ, ಕಸಿ ಮಾಡಿದ್ದು ಹಾಕಿದರೆ ಆ ತಾಪತ್ರಯವಿಲ್ಲ ಎಂದು ಸಲಹೆ ಕೊಡಲು ಆರಂಭಿಸಿದಳು.

ಅಡಿಕೆ ಮರ ಹತ್ತುವ ಪ್ರದರ್ಶನವೂ ಇದೆ. ಕಾಲಿಗೆ ಹಗ್ಗದ ತಳೆ ಹಾಕಿಕೊಂಡ ಮನುಷ್ಯನೊಬ್ಬ ಸರಸರನೆ ಏರಿ, ತುದಿಯಲ್ಲಿ ಮರವನ್ನು ಜೀಕಿ ಬಗ್ಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾನೆ. ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ನಮ್ಮೂರಿನಲ್ಲಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಇದನ್ನು ದಿನಕ್ಕೆ ಎಷ್ಟು ಸಲ ಮಾಡುತ್ತಾನೋ ಲೆಕ್ಕವಿಲ್ಲ, ಯಾರೂ ಚಪ್ಪಾಳೆ ತಟ್ಟಿದ್ದು ಕಂಡಿಲ್ಲ. ಇಲ್ಲಿ ಕೆಳಗೊಂದು ಬುಟ್ಟಿ ಇಟ್ಟಿರುತ್ತಾರೆ. ಆ ಮನುಷ್ಯ ಇಳಿದ ಮೇಲೆ ನಾನು ಮಾತಾಡಿಸಿದೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಅವನೇ, ಕೊನೆ ಕೊಯ್ಯುವುದೂ ಅವನೇ, ಪ್ರವಾಸಿಗರಿಗೆ ಮರ ದಾಟಿ ತೋರಿಸುವುದೂ ಅವನೇ. ಈ ಮೂರರಲ್ಲಿ ಯಾವುದರಿಂದ ಹೆಚ್ಚು ಹಣ ಬರುತ್ತದೆ ಎಂಬ ಪ್ರಶ್ನೆಗೆ ಬುಟ್ಟಿಯ ಕಡೆ ಕಣ್ಣು ಹಾಯಿಸಿದ.

ಸುತ್ತಾಟದ ಕೊನೆಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಬೆರೆಸಿದ ತಣ್ಣೀರನ್ನು ಒಬ್ಬೊಬ್ಬರ ಬೆನ್ನಿಗೆ, ಕುತ್ತಿಗೆಯ ಹಿಂಭಾಗದಿಂದ ಒಂದು ಸೌಟು ಸುರಿಯುತ್ತಾರೆ. ಎಚ್ಚರಿಕೆ ಕೊಡದೆ ಸುರಿಯುವುದೇ ಅದರ ಸೊಗಸು. ಅಲ್ಲಿಂದ ಊಟದ ಮಂಟಪಕ್ಕೆ ಹೋಗುವ ದಾರಿಯಲ್ಲಿ ಒಂದು ಸಿಮೆಂಟಿನ ಕೊಳವಿದೆ; ಈಗ ಅದರಲ್ಲಿ ಪಾಚಿ, ಗೊದಮೊಟ್ಟೆ. 2012ರಲ್ಲಿ ಅಲ್ಲಿ ಆನೆ ಸ್ನಾನ ಮಾಡುತ್ತಿತ್ತು. ಅದರ ಬೆನ್ನ ಮೇಲೆ ನನ್ನ ಮಗಳನ್ನು ಕೂರಿಸಿ ತೆಗೆಸಿದ ಫೋಟೋ ಇನ್ನೂ ನಮ್ಮ ಮನೆಯಲ್ಲಿದೆ, ಮಗಳು ಅದನ್ನು ನೋಡಲು ಇಷ್ಟಪಡುವುದಿಲ್ಲ. ಪ್ರದರ್ಶನಕ್ಕೆ ಬಳಸುವ ಪ್ರಾಣಿಗಳನ್ನು ನೋಂದಾಯಿಸಬೇಕೆಂಬ ನಿಯಮ 2001ರಿಂದಲೇ ಇದೆ; ಪ್ರಾಣಿದಯಾ ಸಂಘಟನೆಗಳು ಕೇಳತೊಡಗಿದ ಮೇಲೆ, ಕಾಗದಪತ್ರದ ಕಷ್ಟ, ಮಾವುತನ ಸಂಬಳ, ಮೇವಿನ ಖರ್ಚು ಎಲ್ಲ ಸೇರಿ ಆನೆಯನ್ನು ಕಳುಹಿಸಿಬಿಟ್ಟರಂತೆ. ವ್ಯವಸ್ಥಾಪಕರು ಇದನ್ನು ತಮ್ಮ ನಷ್ಟಗಳ ಪಟ್ಟಿಯಲ್ಲಿ ಸೇರಿಸಿದರು. ನಾನು ಸೇರಿಸುವುದಿಲ್ಲ. ಈ ತೋಟ ಕಳೆದುಕೊಂಡವುಗಳಲ್ಲಿ ಕಳೆದುಕೊಂಡದ್ದೇ ಒಳ್ಳೆಯದಾಯಿತು ಎನ್ನಬಹುದಾದದ್ದು ಅದೊಂದೇ.

ಊಟದ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ, ಹೇಳುವುದೆಲ್ಲ ಒಳ್ಳೆಯದೇ. ಮಣ್ಣಿನ ಮಡಕೆಗಳಲ್ಲಿ ಸಾಲಾಗಿ ಇಟ್ಟಿರುತ್ತಾರೆ, ಬಾಳೆಲೆಯ ಮೇಲೆ ನಾವೇ ಬಡಿಸಿಕೊಳ್ಳಬೇಕು. ಕೆಂಪು ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಅಲಸಂದೆ ಗಸಿ, ಗೋಡಂಬಿ ಹಾಕಿದ ತೊಂಡೆಕಾಯಿ ಪಲ್ಯ, ಮುರುಗಲಿನ ಸೋಲ್ ಕಢಿ ಇದ್ದವು. ಮೀನು, ಕೋಳಿ ಶಾಕುತಿಗಳ ಮಡಕೆಗಳನ್ನು ಬೇರೆ ಮೇಜಿನ ಮೇಲೆ, ಬೇರೆ ಸೌಟಿನೊಡನೆ ಇಟ್ಟಿದ್ದರಿಂದ ಸಸ್ಯಾಹಾರಿಗಳಾದ ನಮ್ಮ ಹಿರಿಯರಿಗೆ ಮುಜುಗರವಾಗಲಿಲ್ಲ. ಸೋಲ್ ಕಢಿಯನ್ನು ಆಯಿ ಎರಡು ಸಲ ಹಾಕಿಸಿಕೊಂಡಳು. ಸಿಹಿ ಮಾತ್ರ ನಿರಾಸೆ: ಮೊದಲೆರಡು ಸಲ ತೋಟದ ಬಾಳೆಹಣ್ಣಿನ ಹಲ್ವಾ ಕೊಟ್ಟಿದ್ದವರು ಈ ಸಲ ಅಂಗಡಿಯ ಗುಲಾಬ್ ಜಾಮೂನು ಕೊಟ್ಟರು. ಭಾವನಿಗೆ ಒಂದು ಬೆರಳು ಗೇರು ಫೆನ್ನಿಯನ್ನು ರುಚಿಗೆಂದು ಕೊಟ್ಟಾಗ, ಅದಕ್ಕೆ 2009ರಲ್ಲೇ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ ಎಂದು ನಾನು ವಿವರಿಸುತ್ತಿರುವಾಗಲೇ ಅವರು ಕುಡಿದು ಮುಗಿಸಿದ್ದರು.

ಕಣ್ಣಿಗೆ ಹೊಡೆಯುವುದು ಊಟವಲ್ಲ, ಊಟದ ಮಂಟಪ. ಹಳೆಯ ಸೋಗೆಯ ಚಪ್ಪರದ ಪಕ್ಕದಲ್ಲಿ ಇನ್ನೂರೈವತ್ತು ಜನ ಒಟ್ಟಿಗೆ ಕೂರಬಲ್ಲ, ಮಂಗಳೂರು ಹೆಂಚಿನ, ಕಲ್ಲುಕಂಬದ ಭವ್ಯ ಮಂಟಪ ಎದ್ದಿದೆ. ನಾವು ಹೋದ ದಿನ, ಅದೂ ಜನವರಿಯ ಒಂದು ಶನಿವಾರ, ಅದರಲ್ಲಿ ಮೂವತ್ತೊಂದು ಜನ ಉಣ್ಣುತ್ತಿದ್ದೆವು. ಮುಕ್ಕಾಲು ಭಾಗದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ಧೂಳು ಕೂರದಂತೆ ಅಡಿಕೆಯ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಗಳಿಂದ ಮುಚ್ಚಿದ್ದರು. ಬೆಳೆಯನ್ನು ಮಳೆಯಿಂದ ಉಳಿಸಬೇಕಾದ ಕೊಟ್ಟೆ ಕುರ್ಚಿಗೆ ಸುತ್ತಿಕೊಂಡಿದ್ದನ್ನು ನೋಡಿ ನಾನು ಇದೇಕೆ ಹೀಗೆ ಎಂದು ಕೇಳಿದ್ದು, ವ್ಯವಸ್ಥಾಪಕರು ಕುಳಿತು ಮಾತಾಡಿದ್ದು.

ಅವರು ಹೇಳಿದ ಲೆಕ್ಕ ಹೀಗಿದೆ. ತಲೆಗೆ ತೆಗೆದುಕೊಳ್ಳುವ 500 ರೂಪಾಯಿಯಲ್ಲಿ ಕರೆತಂದ ಚಾಲಕನಿಗೋ ಏಜೆಂಟನಿಗೋ 150 ಹೋಗುತ್ತದೆ. ಕೊಡದಿದ್ದರೆ ಮರುದಿನ ಆ ಗಾಡಿ ಪಕ್ಕದ ತೋಟದ ಗೇಟಿನಲ್ಲಿ ನಿಂತಿರುತ್ತದೆ. ಆನ್‌ಲೈನ್ ಮೂಲಕ ಬುಕ್ ಮಾಡಿದವರದ್ದಾದರೆ ಆ ಆ್ಯಪ್‌ನವರು ಅದಕ್ಕಿಂತ ಕಡಿಮೆಯೇನೂ ಹಿಡಿದುಕೊಳ್ಳುವುದಿಲ್ಲ, ಹಣ ಕೈಗೆ ಬರುವುದೂ ತಡ. ಉಳಿದ 350ರಲ್ಲಿ ತೆರಿಗೆ, ಊಟದ ಸಾಮಾನು, ಅನಿಲ, ಅಡುಗೆಯವರ ಮತ್ತು ಮಾರ್ಗದರ್ಶಿಗಳ ಸಂಬಳ, ವಿದ್ಯುತ್ತು ಎಲ್ಲ ಆಗಬೇಕು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ದುಡಿದದ್ದರಲ್ಲಿ ಮಳೆಗಾಲದ ನಾಲ್ಕು ತಿಂಗಳ ಸಂಬಳವನ್ನೂ ತೆಗೆಯಬೇಕು, ಏಕೆಂದರೆ ಆಗ ಕೈಬಿಟ್ಟ ಅಡುಗೆಯವನು ಅಕ್ಟೋಬರಿನಲ್ಲಿ ತಿರುಗಿ ಬರುವುದಿಲ್ಲ. ದೂಧ್‌ಸಾಗರ ಜಲಪಾತದ ಪ್ಯಾಕೇಜಿನವರು ಮಧ್ಯಾಹ್ನದ ಊಟಕ್ಕೆ ಇಲ್ಲಿಗೇ ಬರುವುದರಿಂದ, ಜಲಪಾತಕ್ಕೆ ಒಯ್ಯುವ ಕುಳೆಂನ ಜೀಪುಗಳು ಯಾವ ಕಾರಣಕ್ಕೆ ನಿಂತರೂ ಅಂದು ಇಲ್ಲಿ ಮಾಡಿದ ಅನ್ನ ಉಳಿಯುತ್ತದೆ.

ಹಾಗಾದರೆ ತೋಟದ ಬೆಳೆ ಏನು ಮಾಡುತ್ತದೆ ಎಂದು ನಾನು ಕೇಳಿದೆ. ಅಡಿಕೆ ಕೆಲಸದವರ ಕೂಲಿಗೆ ಸಾಲುತ್ತದೆ, ಮೆಣಸು ಗೊಬ್ಬರಕ್ಕೆ ಸಾಲುತ್ತದೆ, ಉಳಿದದ್ದನ್ನು ಮಂಗಗಳು ತಿನ್ನುತ್ತವೆ ಎಂದರು. ಇದು ಉತ್ಪ್ರೇಕ್ಷೆಯಲ್ಲ. ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ನಿಗದಿ ಮಾಡಿದ ಮೇಲೂ ಕೆಲವು ವರ್ಷ ಬೆಳೆಗಾರನ ಕೈಗೆ ಅದಕ್ಕಿಂತ ಬಹಳ ಕಡಿಮೆ ಸಿಕ್ಕಿದ್ದನ್ನು ನಮ್ಮ ಮನೆಯವರೂ ಅನುಭವಿಸಿದ್ದಾರೆ. ಹೀಗಾಗಿ ಮಸಾಲೆ ತೋಟ ಎಂಬ ಹೆಸರಿನ ಈ ಜಾಗದಲ್ಲಿ ಮಸಾಲೆ ಅಲಂಕಾರವಾಗಿದೆ. ಬದುಕು ನಡೆಯುತ್ತಿರುವುದು ಊಟದ ಟಿಕೆಟ್ಟಿನಿಂದ.

ಇನ್ನು ಆ ಮಂಟಪದ ಕತೆ. 2012ರಲ್ಲಿ ನಾನು ಮೊದಲು ಬಂದಾಗ ಗೇಟಿನ ಪಕ್ಕ ಒಂದು ಕ್ಯಾಂಟೀನ್ ಇತ್ತು, ಅದಿರು ಲಾರಿಗಳ ಚಾಲಕರು ಅಲ್ಲಿ ಭಾಜಿ-ಪಾವ್ ತಿನ್ನುತ್ತಿದ್ದರು, ಮುಂದಿನ ಸಾಲಿನ ಗಿಡಗಳ ಎಲೆಗಳೆಲ್ಲ ಕೆಂಪು ಧೂಳಿನಿಂದ ಮುಚ್ಚಿದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೋವಾದ ಗಣಿಗಾರಿಕೆ ನಿಂತಿತು. ಆಮೇಲೆ ಮತ್ತೆ ಆರಂಭವಾಗಿದ್ದ ಗಣಿಗಾರಿಕೆ 2018ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿದ ಕಾರಣ, ಇನ್ನೊಮ್ಮೆ ನಿಂತಿತು. ಎಲೆಗಳು ತೊಳೆದಂತಾದವು, ಕ್ಯಾಂಟೀನ್ ಮುಚ್ಚಿತು. ದಾರಿಹೋಕರ ಸಣ್ಣ ಆದಾಯ ಹೋದ ಮೇಲೆ ಮನೆಯವರು ಪೂರ್ತಿಯಾಗಿ ವಿದೇಶಿ ಬಸ್ಸುಗಳ ಕಡೆ ತಿರುಗಿದರು. ದಾಬೋಳಿ ವಿಮಾನ ನಿಲ್ದಾಣಕ್ಕೆ ಚಾರ್ಟರ್ ವಿಮಾನದಲ್ಲಿ ಬಂದಿಳಿದ ಬ್ರಿಟಿಷರನ್ನೂ ರಷ್ಯನ್ನರನ್ನೂ ಒಂದು ದಿನದ ಸುತ್ತಾಟಕ್ಕೆ ಕರೆತರುವ ಬಸ್ಸುಗಳು ಅವು. ಒಂದು ಬಸ್ಸಿಗೆ ನಲವತ್ತು ಜನ, ದಿನಕ್ಕೆ ನಾಲ್ಕೈದು ಬಸ್ಸು. ನಾಲ್ಕು ಬಸ್ಸು ಒಟ್ಟಿಗೆ ಬಂದರೆ ಹಳೆಯ ಚಪ್ಪರ ಸಾಲುತ್ತಿರಲಿಲ್ಲ. ಬ್ಯಾಂಕಿನಲ್ಲಿ ಸಾಲ ಮಾಡಿ ಮಂಟಪ ಕಟ್ಟಿದರು. ಕೆಲಸ ಮುಗಿಯುವ ಹೊತ್ತಿಗೆ, 2019ರ ಸೆಪ್ಟೆಂಬರ್ 23ರಂದು, ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ದಿವಾಳಿಯಾಯಿತು. (ಅದೇ ಹೆಸರಿನ ಭಾರತದ ಕಂಪನಿ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) ಗೋವಾಕ್ಕೆ ಬ್ರಿಟಿಷರನ್ನು ಹೊತ್ತು ತರುತ್ತಿದ್ದ ಆ ಕಂಪನಿಯ ವಿಮಾನಗಳು ಒಂದೇ ಬೆಳಗಿಗೆ ನಿಂತವು.

ಆ ಡಿಸೆಂಬರಿನಲ್ಲಿ ನಾನು ಎರಡನೆಯ ಸಲ ಹೋಗಿದ್ದೆ. ಮಂಟಪಕ್ಕೆ ಹೊಸ ಬಣ್ಣದ ವಾಸನೆ ಇತ್ತು, ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಒಂದು ವರ್ಷ ಕಷ್ಟವಾದೀತು, ಮುಂದಿನ ವರ್ಷ ಸರಿಹೋಗುತ್ತದೆ ಎಂದು ಆಗ ಇದೇ ವ್ಯವಸ್ಥಾಪಕರು ನಮಗೆ ಹೇಳಿದ್ದು ನೆನಪಿದೆ. ಮುಂದಿನ ವರ್ಷ ಏನಾಯಿತೆಂಬುದು ಎಲ್ಲರಿಗೂ ಗೊತ್ತು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಕಟ್ಟದಿರಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು, ಆದರೆ ಬಡ್ಡಿ ನಿಲ್ಲಲಿಲ್ಲ. ಆ ಅವಧಿಯ ಬಡ್ಡಿಯ ಮೇಲಿನ ಬಡ್ಡಿ ಮಾತ್ರ ಆಮೇಲೆ ಮನ್ನಾ ಆಯಿತು. 2021ರಲ್ಲಿ ಕೇಂದ್ರ ಸರ್ಕಾರ ಪ್ರವಾಸೋದ್ಯಮಕ್ಕೆಂದು ಸಾಲ ಖಾತರಿ ಯೋಜನೆ ಪ್ರಕಟಿಸಿದಾಗ ನೋಂದಾಯಿತ ಮಾರ್ಗದರ್ಶಿಗಳಿಗೆ 1 ಲಕ್ಷ, ಪ್ರವಾಸ ಏಜೆನ್ಸಿಗಳಿಗೆ 10 ಲಕ್ಷ ಎಂದಿತ್ತು. ತೋಟದ ಮನೆಯವರು ಕೃಷಿಕರೆಂದು ಬರೆಸಿಕೊಂಡವರು, ಎರಡರಲ್ಲೂ ಇಲ್ಲ. ಲಾಕ್‌ಡೌನ್ ಮುಗಿದು ರಷ್ಯನ್ನರು ಬರಬಹುದೆನ್ನುವಾಗ 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. 2023ರ ಜನವರಿಯಲ್ಲಿ ಮೋಪಾದ ಹೊಸ ವಿಮಾನ ನಿಲ್ದಾಣ ಆರಂಭವಾದ ಮೇಲೆ ಉತ್ತರದ ತುದಿಯ ಪೆಡ್ಣೆಯಲ್ಲಿ ಇಳಿದವರು ಅಲ್ಲಿಂದಲೇ ಮೋರ್ಜಿ, ಅಶ್ವೆಂ ಕಡಲತೀರಗಳ ಕಡೆಗೆ ಹೋಗುತ್ತಾರೆ. ಫೋಂಡಾ ಅವರ ದಾರಿಯಲ್ಲಿ ಬರುವುದೇ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಮರುಕ ಹುಟ್ಟುವುದು ಸಹಜ, ನನಗೂ ಹುಟ್ಟಿತು. ಆದರೆ ವಿಮರ್ಶೆ ಬರೆಯುವವನು ತನಗೆ ಕಂಡ ತಪ್ಪನ್ನೂ ಹೇಳಬೇಕು. ನಮ್ಮ ಕಡೆ ಅಡಿಕೆಯ ನಡುವೆ ಮೆಣಸನ್ನೂ ಬಾಳೆಯನ್ನೂ ಇಡುವುದು ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಎಂದು. ಕುಳಾಗರದ ತತ್ತ್ವವೂ ಅದೇ, ಆ ಹುಡುಗಿ ನಮಗೆ ತೋಟದ ನಡುವೆ ನಿಂತು ಅದನ್ನೇ ಸೊಗಸಾಗಿ ವಿವರಿಸಿದ್ದಳು. ಅಂಥ ತೋಟದ ಒಡೆಯರು ವ್ಯಾಪಾರದಲ್ಲಿ ಮಾತ್ರ ಒಂದೇ ಬೆಳೆ ಹಾಕಿದರು, ಬಸ್ಸಿನ ಬೆಳೆ. ಇದನ್ನು ಮೇಲಿನಿಂದ ನಿಂತು ಹೇಳುತ್ತಿಲ್ಲ. 2003ರ ಸುಮಾರಿಗೆ ಹಸಿ ವೆನಿಲಾ ಕೋಡಿಗೆ ಕಿಲೋಗೆ ಮೂರು ಸಾವಿರ ರೂಪಾಯಿ ಬಂದಾಗ, ನನ್ನ ಅಪ್ಪನೂ ಏಲಕ್ಕಿ ಕಿತ್ತು ವೆನಿಲಾ ಹಾಕಿದ್ದ. ಆ ಹೂವು ಒಂದೇ ಬೆಳಗು ಅರಳಿರುತ್ತದೆ, ಅಷ್ಟರಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಬೇಕು. ಅಪ್ಪ ತಿಂಡಿಯನ್ನೂ ತಿನ್ನದೆ ಬಿದಿರಿನ ಸೀಳು ಹಿಡಿದು ಬಳ್ಳಿಯಿಂದ ಬಳ್ಳಿಗೆ ನಡೆಯುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಎರಡು ಮೂರು ವರ್ಷದಲ್ಲಿ ಅದನ್ನು ಕೊಳ್ಳುವವರೇ ಇಲ್ಲವಾದರು. ಈ ತೋಟದ ವೆನಿಲಾ ಬಳ್ಳಿಯ ಎದುರು ನಿಂತಾಗ ಆಯಿ ಒಂದು ಮಾತನ್ನೂ ಆಡಲಿಲ್ಲ.

ಎರಡನೆಯ ತಪ್ಪು ಹೆಚ್ಚು ಗಂಭೀರವಾದದ್ದು, ಅದು ಹೊರಗೆ ಹೋಗುವ ದಾರಿಯ ಅಂಗಡಿಯಲ್ಲಿದೆ. ‘ನಮ್ಮ ತೋಟದಿಂದ ನೇರವಾಗಿ’ ಎಂಬ ಬೋರ್ಡಿನ ಕೆಳಗೆ ದಪ್ಪ ಹಸಿರು ಏಲಕ್ಕಿ, ಚಕ್ರಮೊಗ್ಗು, ಇಂಗು, ಕೇಸರಿ ಎಲ್ಲವನ್ನೂ ಬುಟ್ಟಿಗಳಲ್ಲಿ ಜೋಡಿಸಿದ್ದಾರೆ. ಅಂಥ ಏಲಕ್ಕಿ ಬೆಳೆಯಲು ಗಟ್ಟದ ಮೇಲಿನ ಎತ್ತರ, ತಂಪು ಬೇಕು. ಫೋಂಡಾದ ತಗ್ಗಿನಲ್ಲಿ ಗಿಡ ಬದುಕೀತು, ಆ ಗಾತ್ರದ ಕಾಯಿ ಬಿಡುವುದಿಲ್ಲ. ಚಕ್ರಮೊಗ್ಗು ಬಹುತೇಕ ವಿಯೆಟ್ನಾಂ, ಚೀನಾಗಳಿಂದ ಬರುತ್ತದೆ, ಇಂಗಿನ ರಾಳ ಅಫ್ಘಾನಿಸ್ತಾನ, ಇರಾನ್‌ಗಳಿಂದ. ಕೇಸರಿಯ ಮಾತಂತೂ ಬೇಡ. ಬಸ್ಸಿನಲ್ಲಿ ಬಂದ ವಿದೇಶಿಯನಿಗೆ ಇದು ತಿಳಿಯದಿರಬಹುದು, ಈಗ ಬರುತ್ತಿರುವ ಬೆಳಗಾವಿ, ಧಾರವಾಡ, ಕೊಲ್ಹಾಪುರದ ಗೃಹಿಣಿಯರಿಗೆ ತಿಳಿಯುತ್ತದೆ. ಒಂದು ಬುಟ್ಟಿಯ ಸುಳ್ಳು ಗೊತ್ತಾದರೆ ಪಕ್ಕದ ಬುಟ್ಟಿಯ ನಿಜವನ್ನೂ ಅವರು ಮುಟ್ಟುವುದಿಲ್ಲ. ನನ್ನ ಅಕ್ಕ ಏನನ್ನೂ ಕೊಳ್ಳದೆ ಹೊರಬಂದಳು.

ಪಕ್ಕದ ಬುಟ್ಟಿಯಲ್ಲಿ ನಿಜವಾಗಿಯೂ ಒಳ್ಳೆಯ ಮಾಲಿದೆ ಎಂಬುದೇ ಇದರಲ್ಲಿನ ದುಃಖ. ನಾನು ಕಾಲು ಕಿಲೋ ಕಾಳುಮೆಣಸು, ಹತ್ತು ಜಾಯಿಕಾಯಿ, ಸ್ವಲ್ಪ ಜಾಪತ್ರೆ, ಒಂದು ಪೊಟ್ಟಣ ಒಣ ಮುರುಗಲು ಸಿಪ್ಪೆ ತಂದೆ. ಮನೆಗೆ ಬಂದು ಮೆಣಸನ್ನು ಒಂದು ಲೋಟ ನೀರಿಗೆ ಹಾಕಿ ನೋಡಿದೆ; ಜೊಳ್ಳು ಕಾಳು, ಪಪ್ಪಾಯಿ ಬೀಜಗಳಿದ್ದರೆ ತೇಲುತ್ತವೆ. ನಾಲ್ಕೈದು ಕಾಳು ಬಿಟ್ಟರೆ ಎಲ್ಲವೂ ತಳ ಸೇರಿದವು. ಜಾಯಿಕಾಯಿಯನ್ನು ಆಯಿ ಕಿವಿಯ ಬಳಿ ಅಲ್ಲಾಡಿಸಿ, ಒಣಗಿದ್ದು ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟಳು. ಮುರುಗಲು ಹೊಸದು, ಉಪ್ಪು ಹೆಚ್ಚಾಗಿರಲಿಲ್ಲ. ಬೆಲೆ ಶಿರಸಿಯ ಪೇಟೆಗಿಂತ ಜಾಸ್ತಿಯೇ, ಆದರೆ ಪಣಜಿಯ ಅಂಗಡಿಗಳಲ್ಲಿ ಪ್ರವಾಸಿಗರಿಗೆಂದು ರಿಬ್ಬನ್ ಕಟ್ಟಿ ಮಾರುವುದಕ್ಕಿಂತ ಕಡಿಮೆ. ಈ ನಾಲ್ಕನ್ನು ಕೊಳ್ಳಿ, ಉಳಿದದ್ದನ್ನು ಬಿಡಿ.

ಹೋಗುವವರಿಗೆ ಇನ್ನು ಕೆಲವು ಮಾತುಗಳು. ಸ್ವಂತ ವಾಹನವಿದ್ದರೆ ಅದರಲ್ಲೇ ಹೋಗಿ, ಟಿಕೆಟ್ಟನ್ನು ಕೌಂಟರಿನಲ್ಲೇ ಕೊಳ್ಳಿ. ನಿಮಗೆ ಒಂದು ಪೈಸೆಯೂ ಉಳಿಯುವುದಿಲ್ಲ, ಆದರೆ 500ರಲ್ಲಿ 500 ತೋಟದಲ್ಲೇ ನಿಲ್ಲುತ್ತದೆ. ಬಾಡಿಗೆ ಟ್ಯಾಕ್ಸಿಯಲ್ಲಿ ಹೋಗುವವರು ಚಾಲಕನೊಡನೆ ಇದಕ್ಕಾಗಿ ಜಗಳ ಮಾಡಬೇಕಾಗಿಲ್ಲ, ಅವನ ಸೀಸನ್ ಕೂಡ ಇಷ್ಟೇ ತಿಂಗಳಿನದು. ಊಟ ಬೇಡವೆಂದರೆ ಬರೀ ಸುತ್ತಾಟಕ್ಕೆ ಟಿಕೆಟ್ ಕೊಡುವುದಿಲ್ಲ. ಮನೆಯ ಹಿರಿಯರು ಹೊರಗೆ ಉಣ್ಣದವರಾದರೆ ಇದು ಅನ್ಯಾಯವೆನಿಸುತ್ತದೆ, ಇನ್ನೂರು ರೂಪಾಯಿಯ ಒಂದು ಸುತ್ತಾಟದ ಟಿಕೆಟ್ ಇಟ್ಟರೆ ದಾರಿಯಲ್ಲಿ ಹೋಗುವ ಕಾರುಗಳೂ ನಿಂತಾವು ಎಂದು ನಾನು ವ್ಯವಸ್ಥಾಪಕರಿಗೆ ಹೇಳಿದೆ. ಅವರು ಬರೆದುಕೊಂಡರು. ಹನ್ನೊಂದು ಗಂಟೆಗೆ ಮೊದಲು ತಲುಪಿದರೆ ಬಿಸಿಲಿಲ್ಲದೆ ನಿಧಾನವಾಗಿ ನೋಡಬಹುದು. ಶೌಚಾಲಯಗಳು ಸ್ವಚ್ಛವಾಗಿವೆ. ಮಂಡಿನೋವಿನವರಿಗೆ ಕಾಲುವೆಯ ಮೇಲಿನ ಅಡಿಕೆ ದಬ್ಬೆಯ ಸಂಕ ಕಷ್ಟ, ಬಳಸಿ ಹೋಗುವ ದಾರಿ ಇದೆ, ಕೇಳಿದರೆ ತೋರಿಸುತ್ತಾರೆ. ಕನ್ನಡದಲ್ಲಿ ವಿವರಿಸುವವರು ಬೇಕೆಂದು ಟಿಕೆಟ್ ಕೊಳ್ಳುವಾಗಲೇ ಹೇಳಿ. ಕೇಳದಿದ್ದರೆ ಹಿಂದಿಯಲ್ಲೇ ನಡೆದುಹೋಗುತ್ತದೆ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಎರಡು ಅಂಕ ಆ ಜೋಯಿಡಾ ಹುಡುಗಿಗೆ, ಒಂದು ಸೋಲ್ ಕಢಿಗೆ, ಅರ್ಧ ಮುಳುಗಿದ ಮೆಣಸಿಗೆ. ಅಂಗಡಿಯ ಕೇಸರಿ, ಏಲಕ್ಕಿ ಬುಟ್ಟಿಗಳನ್ನು ಒಳಗಿಟ್ಟು ಬಾಳೆಹಣ್ಣಿನ ಹಲ್ವಾ ಮತ್ತೆ ಶುರು ಮಾಡಿದರೆ ಇನ್ನೊಂದು ಕೊಡಲು ಮುಂದಿನ ಮೇ ತಿಂಗಳಲ್ಲಿ ಹೋಗುವವನಿದ್ದೇನೆ, ಹೇಗೂ ಧಾರವಾಡದ ಚಿಕ್ಕಮ್ಮನ ಮನೆಯವರು ಬರುವುದಿದೆ.